ತಂತಿ ಕಡಿಮೆ, ಬೆಲೆ ಜಾಸ್ತಿ

ಸಂಬಳ ಸಲೀಸಾಗಿ ಬರತೊಡಗಿ ಕೂದಲು ಸಲೀಸಾಗಿ ಹೋಗತೊಡಗುವ ವಯಸ್ಸಿನಲ್ಲಿ ಬೆಂಗಳೂರಿನ ಗಂಡಸಿಗೆ ಆಸೆಗಳು ಹುಟ್ಟುತ್ತವೆ. ಸಕಲೇಶಪುರದ ಕಡೆ ಎರಡೆಕರೆ ಕಾಫಿ ತೋಟ, ಇಲ್ಲವೇ ಒಂದು ಬುಲೆಟ್ಟು, ಅದೂ ಆಗದಿದ್ದರೆ ಒಂದು ಬೇಸ್ ಗಿಟಾರ್. ತೋಟಕ್ಕೆ ಆಳು ಸಿಗುವುದಿಲ್ಲ. ಬುಲೆಟ್ಟಿಗೆ ಸೊಂಟ ಒಪ್ಪುವುದಿಲ್ಲ. ಉಳಿಯುವುದು ಗಿಟಾರ್.

ಈ ಮಹನೀಯನನ್ನು ಇನ್ನು ಮುಂದೆ ಖರೀದಿವೀರ ಎನ್ನೋಣ. "ಎಲ್ಲರ ಹಾಗೆ ಗಿಟಾರ್ ತಗೊಳ್ಳೋದು ಬಿಟ್ಟು ಬೇಸ್ ಯಾಕಪ್ಪಾ?" ಎಂದು ಅವನನ್ನು ಕೇಳಿ ನೋಡಿ. ನಾಲ್ಕೇ ತಂತಿ, ಒಂದು ಸಲಕ್ಕೆ ಒಂದೇ ಸ್ವರ, ಕಲಿಯುವುದು ಸುಲಭ ಅಂದುಕೊಂಡೆ ಎಂಬ ಸತ್ಯವನ್ನು ಆತ ಬಾಯಿ ಬಿಡುವುದಿಲ್ಲ. "ಗಿಟಾರ್ ಎಲ್ರೂ ನುಡಿಸ್ತಾರೆ ಸಾರ್. ಬೇಸ್ ಅಂದ್ರೆ ಬೇರೇನೇ. ಅದು ಕೇಳಿಸಲ್ಲ, ಫೀಲ್ ಆಗತ್ತೆ" ಎನ್ನುತ್ತಾನೆ. ಕೇಳಿಸದ ವಸ್ತುವಿಗೆ ಮನುಷ್ಯ ಎಂಬತ್ತು ಸಾವಿರ ಎಣಿಸಲು ಸಿದ್ಧನಾಗುವುದು ಎರಡೇ ಕಡೆ. ಒಂದು ಜ್ಯೋತಿಷಿಯ ಮುಂದೆ, ಇನ್ನೊಂದು ಬೇಸ್ ಗಿಟಾರಿನ ಅಂಗಡಿಯಲ್ಲಿ.

ಈ ರೋಗಕ್ಕೆ ಬೆಂಗಳೂರಿನಲ್ಲಿ ಸಾಕಷ್ಟು ಇತಿಹಾಸವಿದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ತಂಡ ಬಂತು. ಆ ತಂಡವನ್ನು ಕಟ್ಟಿದವರು, ಅದರ ಬಹುಪಾಲು ಹಾಡುಗಳನ್ನು ಬರೆದವರು ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್. ವೇದಿಕೆಯಂಚಿನ ಸ್ಪೀಕರಿನ ಮೇಲೆ ಒಂದು ಕಾಲಿಟ್ಟು, ಬೇಸಿನ ಮೂತಿಯನ್ನು ಜನರ ಕಡೆ ತಿರುಗಿಸಿ ನಿಲ್ಲುವುದು ಅವರ ಖ್ಯಾತ ಭಂಗಿ. 2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನಕ್ಕೆ ಮೆಟಾಲಿಕಾ ಬಂತು. ಅದರ ಬೇಸ್ ವಾದಕ ರಾಬರ್ಟ್ ಟ್ರುಹಿಲ್ಲೊ ವಾದ್ಯವನ್ನು ಮೊಣಕಾಲಿಗೆ ತಾಗುವಷ್ಟು ಕೆಳಗೆ ಇಳಿಬಿಟ್ಟು ನುಡಿಸುವವರು. "ಅವತ್ತು ನಾನೂ ಇದ್ದೆ ಮಗಾ" ಎನ್ನುವವರನ್ನೆಲ್ಲ ಈಗ ಲೆಕ್ಕ ಹಾಕಿದರೆ ಅಂದು ಮೈದಾನದ ಜೊತೆಗೆ ಮೇಖ್ರಿ ವೃತ್ತವನ್ನೂ ಬಾಡಿಗೆಗೆ ಹಿಡಿಯಬೇಕಾಗಿತ್ತು. ಅವರಲ್ಲಿ ಅನೇಕರು ಮನೆಗೆ ಹೋಗಿ ಮೊದಲು ಅಭ್ಯಾಸ ಮಾಡಿದ್ದು ಕಾಲಿಡುವ ಭಂಗಿಯನ್ನು. ವಾದ್ಯ ಆಮೇಲೆ ಬಂತು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದುಡ್ಡಿದ್ದವನು ಬೇಸ್ ಕೊಳ್ಳುತ್ತಾನೆ, ಕೊಂಡವನೇ ಬೇಸ್ ವಾದಕನಾಗುತ್ತಾನೆ ಎಂಬ ಸಂಪ್ರದಾಯಕ್ಕೆ ಬೀಟಲ್ಸ್ ತಂಡದಷ್ಟು ಹಳೆಯ, ಘನವಾದ ಆಧಾರವಿದೆ. ಲಿವರ್‌ಪೂಲಿನ ಚಿತ್ರಕಲಾ ವಿದ್ಯಾರ್ಥಿ ಸ್ಟೂವರ್ಟ್ ಸಟ್‌ಕ್ಲಿಫ್ ಬರೆದ ಒಂದು ಚಿತ್ರ ಪ್ರದರ್ಶನದಲ್ಲಿ 65 ಪೌಂಡಿಗೆ ಮಾರಾಟವಾಯಿತು. ಗೆಳೆಯ ಜಾನ್ ಲೆನನ್ ಬೆನ್ನು ಹತ್ತಿ, ಬಂದ ಹಣವನ್ನು ಬೇಸ್ ಗಿಟಾರಿಗೆ ಹಾಕಿಸಿದರು. ಸಟ್‌ಕ್ಲಿಫ್‌ಗೆ ನುಡಿಸಲು ಬರುತ್ತಿರಲಿಲ್ಲ. ಆದರೆ ವಾದ್ಯ ಅವರದ್ದು. ಜಗತ್ತಿನ ಅತಿ ಪ್ರಸಿದ್ಧ ತಂಡದ ಮೊದಲ ಬೇಸ್ ವಾದಕನ ಅರ್ಹತೆ ಅಷ್ಟೇ. 1961ರಲ್ಲಿ ಅವರು ಹ್ಯಾಂಬರ್ಗ್‌ನಲ್ಲಿ ತಂಡ ಬಿಟ್ಟು ಮತ್ತೆ ಕುಂಚ ಹಿಡಿದಾಗ, ಉಳಿದವರಲ್ಲಿ ಯಾರಿಗೂ ಬೇಸ್ ಬೇಡವಾಗಿತ್ತು. ಅದು ಪಾಲ್ ಮೆಕಾರ್ಟ್ನಿಯ ಕೊರಳಿಗೆ ಬಿತ್ತು. ಅಮೆರಿಕದ ಫೆಂಡರ್ ಕಂಪನಿಯ ಬೇಸ್ ಕೊಳ್ಳುವಷ್ಟು ಕಾಸಿರಲಿಲ್ಲ. ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಸುಮಾರು 30 ಪೌಂಡಿಗೆ ಸಿಕ್ಕಿತು. ಎಡಗೈಯವನು ತಿರುವಿ ಹಿಡಿದರೂ ಎರಡೂ ಪಕ್ಕ ಒಂದೇ ಥರ ಕಾಣುತ್ತದೆ ಎಂಬ ಕಾರಣವೂ ಸೇರಿ ಕೊಂಡರು. ಆಯ್ಕೆ ಮುಗಿಯಿತು.

ನಮ್ಮ ಖರೀದಿವೀರನ ಆಯ್ಕೆ ಅಷ್ಟು ಬೇಗ ಮುಗಿಯುವುದಿಲ್ಲ. ಮಗಳ ಮದುವೆಗೆ ಗಂಡು ನೋಡುವ ಅಪ್ಪನೂ ಎರಡು ಜಾತಕ ಕೂಡಿದ ಮೇಲೆ ಸುಮ್ಮನಾಗುತ್ತಾನೆ. ಇವನು ವಿಡಿಯೊ ನೋಡುತ್ತಾನೆ. ಊಟಕ್ಕೆ ಮೊದಲು, ಊಟದ ಜೊತೆ, ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿಕೊಂಡು ನೋಡುತ್ತಾನೆ. ಎರಡು ಬೇಸ್‌ಗಳ ಸದ್ದನ್ನು ಹೋಲಿಸುವ ವಿಡಿಯೊವನ್ನು ಮೊಬೈಲಿನ ಸ್ಪೀಕರಿನಲ್ಲೇ ಕೇಳಿ, "ಎರಡನೇದು ಸ್ವಲ್ಪ ವಾರ್ಮ್ ಇದೆ" ಎಂದು ತೀರ್ಪು ಕೊಡುತ್ತಾನೆ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿ ಯಾವ ಮೊಬೈಲಿನ ಸ್ಪೀಕರಿಗೂ ಇಲ್ಲ. ಅದು ಬರಿಯ ಮೇಲಿನ ಕಂಪನಗಳನ್ನು ಕೊಡುತ್ತದೆ, ತಳದ ಸ್ವರವನ್ನು ನಮ್ಮ ಮಿದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಅಂದರೆ ವೀರ ಹೋಲಿಸಿದ್ದು ತನ್ನ ಎರಡು ಊಹೆಗಳನ್ನು. ಅದರಲ್ಲಿ ಎರಡನೆಯ ಊಹೆ ಸ್ವಲ್ಪ ಬೆಚ್ಚಗಿತ್ತು.

ಆಮೇಲೆ ಮರದ ಅಧ್ಯಾಯ. ಆಲ್ಡರ್ ಮರದ ಮೈಯೋ, ಆ್ಯಶ್ ಮರದ್ದೋ? ಕತ್ತಿನ ಮೇಲಿನ ಪಟ್ಟಿ ಮೇಪಲ್ಲೋ, ರೋಸ್‌ವುಡ್ಡೋ? ಹೊಸೂರು ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ ಬೆಳೆದು, ಹೊಂಗೆಗೂ ಬೇವಿಗೂ ವ್ಯತ್ಯಾಸ ಹೇಳಲು ತಡಬಡಾಯಿಸುವವನು ಅಮೆರಿಕದ ಜೌಗು ನೆಲದ ಆ್ಯಶ್ ಮರದ ಗುಣಾವಗುಣಗಳ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ. ವಿದ್ಯುತ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಸುತ್ತಿದ ತಾಮ್ರದ ಎಳೆ. ಮೇಲಿರುವ ಉಕ್ಕಿನ ತಂತಿಯ ಅಲುಗಾಟವನ್ನು ಹಿಡಿಯುವುದು ಅದರ ಕೆಲಸ. ಕೆಳಗಿರುವ ಮರದ ವಂಶಾವಳಿಯನ್ನು ಅದು ವಿಚಾರಿಸುವುದಿಲ್ಲ. ಮರದಿಂದ ಸದ್ದು ಕೂದಲೆಳೆಯಷ್ಟೂ ಬದಲಾಗದು ಎಂದು ಆಣೆ ಮಾಡಲು ನಾನು ಸಿದ್ಧನಿಲ್ಲ. ಆದರೆ ಹಳೆ ತಂತಿ ತೆಗೆದು ಹೊಸದು ಹಾಕಿದಾಗ ಆಗುವ ಬದಲಾವಣೆ ಅಡುಗೆಮನೆಯಲ್ಲಿರುವವರಿಗೂ ಗೊತ್ತಾಗುತ್ತದೆ, ಮರದ ಬದಲಾವಣೆ ಬಿಲ್ ನೋಡಿದ ಮೇಲೆ ಮಾತ್ರ ಗೊತ್ತಾಗುತ್ತದೆ.

ಇನ್ನು ಆ ರೋಸ್‌ವುಡ್. ಅದು ಬೇರೇನೂ ಅಲ್ಲ, ನಮ್ಮ ಬೀಟೆ. ಬ್ರೆಜಿಲಿನ ರೋಸ್‌ವುಡ್ ಕಡಿದು ಕಡಿದು ಮುಗಿಯುತ್ತ ಬಂದಾಗ ಗಿಟಾರ್ ಜಗತ್ತು ಕಣ್ಣು ಹಾಕಿದ್ದು ಪಶ್ಚಿಮ ಘಟ್ಟದ ಈ ಮರದ ಮೇಲೆ. 1992ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿದ್ದ ಮೇಲಂತೂ ಇದಕ್ಕೆ ಇನ್ನಷ್ಟು ಬೆಲೆ ಬಂತು. 2017ರ ಜನವರಿಯಿಂದ ಎಲ್ಲ ಬಗೆಯ ರೋಸ್‌ವುಡ್ಡಿನ ಸಾಗಾಟಕ್ಕೂ ಪರವಾನಗಿ ಬೇಕೆಂಬ ನಿಯಮ ಬಂದಾಗ, ಫೆಂಡರ್ ಕಂಪನಿ ಮೆಕ್ಸಿಕೋದಲ್ಲಿ ಮಾಡುವ ತನ್ನ ಅನೇಕ ಮಾದರಿಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕತೊಡಗಿತು. ಸಂಗೀತವೇ ಸತ್ತುಹೋಯಿತೆಂದು ಭೂಮಂಡಲದ ಖರೀದಿವೀರರೆಲ್ಲ ಬಾಯಿ ಬಡಿದುಕೊಂಡರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಸಂಗೀತ ಮತ್ತೆ ಎದ್ದು ಕೂತಿತು. ಮಧ್ಯದ ಸುಮಾರು ಮೂರು ವರ್ಷ ಬಂದ ಹಾಡುಗಳಲ್ಲಿ ಯಾವುದರ ಬೇಸ್ ಪಾವ್ ಫೆರೊದ್ದು ಎಂದು ಇವತ್ತಿನವರೆಗೆ ಯಾವನೂ ಕಿವಿಯಿಂದ ಪತ್ತೆ ಮಾಡಿ ತೋರಿಸಿಲ್ಲ.

ಮಲೆನಾಡಿನ ಅಜ್ಜನ ಮನೆಯಲ್ಲಿ ಬಾಗಿಲು ಬೀಟೆ, ಮಂಚ ಬೀಟೆ, ಬೆಕ್ಕು ಮಲಗುವ ಹಳೇ ಪೆಟ್ಟಿಗೆಯೂ ಬೀಟೆ. "ಇದನ್ನೆಲ್ಲ ಕೊಟ್ಟುಬಿಟ್ಟು ಮಾಡ್ಯುಲರ್ ಹಾಕ್ಸೋಣ ಅಜ್ಜ, ತುಂಬಾ ಹೆವಿ" ಎಂದು ಗುಜರಿಗೆ ಸಾಗಿಸಿದ್ದು ಇದೇ ಮೊಮ್ಮಗ. ಈಗ ಸಮುದ್ರ ದಾಟಿ ಬಂದ ಆರು ಮಿಲಿಮೀಟರ್ ದಪ್ಪದ ಬೀಟೆ ಪಟ್ಟಿಗೆ ಹೆಚ್ಚುವರಿ ಹಣ ಕೊಟ್ಟು, ಅದಕ್ಕೆ ಹಚ್ಚಲು ನಿಂಬೆ ವಾಸನೆಯ ಎಣ್ಣೆಯನ್ನೂ ತರಿಸಿಕೊಳ್ಳುತ್ತಿದ್ದಾನೆ. ಅಜ್ಜನ ತೋಟದಲ್ಲಿ ಉಳಿದಿರುವ ಬೀಟೆಯ ಮೇಲೆ ಕೊಡಲಿ ಇಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪುಣ್ಯಕ್ಕೆ ಬೇಕು.

ಮರ ತೀರ್ಮಾನವಾದ ಮೇಲೆ ಊರು. ಫೆಂಡರಿನ ದುಬಾರಿ ಬೇಸ್‌ಗಳು ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ತಯಾರಾಗುತ್ತವೆ. ಗಡಿಯ ಆಚೆ ಮೆಕ್ಸಿಕೋದ ಎನ್ಸೆನಾಡದಲ್ಲಿ ಅದೇ ಕಂಪನಿ ಅದೇ ಆಕಾರದ ಬೇಸ್‌ಗಳನ್ನು ಮಾಡಿ ಕಡಿಮೆ ಬೆಲೆಗೆ ಮಾರುತ್ತದೆ. ಯಮಾಹಾ, ಐಬನೆಜ್, ಸ್ಕ್ವಾಯರ್ ಹೆಸರಿನ ಅಗ್ಗದ ಬೇಸ್‌ಗಳು ಬಹುತೇಕ ಇಂಡೋನೇಷ್ಯಾ, ಚೀನಾಗಳವು. ಮರ ಕೊರೆಯುವ ಕಂಪ್ಯೂಟರ್ ಯಂತ್ರಕ್ಕೆ ದೇಶಭಕ್ತಿ ಇರುವುದಿಲ್ಲವಾದ್ದರಿಂದ ಈ ಅಗ್ಗದವೂ ಈಗ ಚೆನ್ನಾಗಿಯೇ ಬರುತ್ತವೆ. ವೀರನಿಗೆ ಇದು ಒಪ್ಪಿಗೆಯಿಲ್ಲ. "ಅಮೆರಿಕನ್ ಮೇಡ್ ಅಲ್ಲದಿದ್ರೆ ಕ್ವಾಲಿಟಿ ಇರಲ್ಲ" ಎನ್ನುತ್ತಾನೆ. ಅಮೆರಿಕದ ಕಂಪನಿಯ ಕೆಲಸವನ್ನು ಅಮೆರಿಕದವರಿಗಿಂತ ಕಡಿಮೆ ಸಂಬಳಕ್ಕೆ ಬೆಳ್ಳಂದೂರಿನಲ್ಲಿ ಕೂತು ಮಾಡಿಕೊಡುವುದೇ ಇವನ ಉದ್ಯೋಗ. ತನ್ನ ಬಗ್ಗೆ ಇಷ್ಟು ಕಠಿಣವಾದ ವಿಮರ್ಶೆಯನ್ನು ಇವನ ಮ್ಯಾನೇಜರ್ ಕೂಡ ಬರೆದಿರಲಾರ.

ಇನ್ನೂ ಮುಂದುವರಿದ ವೀರರಿಗೆ ಹಳತು ಬೇಕು. ಅದರಲ್ಲೂ 1965ಕ್ಕೆ ಮೊದಲಿನದು. ಆ ವರ್ಷದ ಜನವರಿಯಲ್ಲಿ ಲಿಯೊ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್‌ಗೆ 1.3 ಕೋಟಿ ಡಾಲರಿಗೆ ಮಾರಿದರು. ಮಾಲೀಕ ಬದಲಾದ ಕೂಡಲೇ ಮರದಲ್ಲಿದ್ದ ಆತ್ಮ ಹಾರಿಹೋಯಿತೆಂದು ಭಕ್ತರ ನಂಬಿಕೆ. ಈ ಲಿಯೊ ಫೆಂಡರ್ ಫುಲರ್‌ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತು, ಡ್ರಮ್ಮಿನ ಗದ್ದಲದಲ್ಲಿ ಯಾರಿಗೂ ಕೇಳಿಸದೆ ಸೋಲುತ್ತಿದ್ದ ವಾದಕರ ಕಷ್ಟ ನೋಡಿ, 1951ರಲ್ಲಿ ನಾಲ್ಕು ತಂತಿಯ, ವೀಣೆಯ ಹಾಗೆ ಮೆಟ್ಟಲುಗಳಿದ್ದ, ಹೆಗಲಿಗೆ ನೇತುಹಾಕುವ ವಾದ್ಯವೊಂದನ್ನು ಮಾರುಕಟ್ಟೆಗೆ ತಂದರು. ಮೆಟ್ಟಲು ಇರುವುದರಿಂದ ಸ್ವರ ನಿಖರ, ಹಾಗಾಗಿ ಪ್ರಿಸಿಷನ್ ಬೇಸ್. 1960ರಲ್ಲಿ ಕತ್ತು ಸ್ವಲ್ಪ ಸಪೂರ ಮಾಡಿ ಜಾಝ್ ಬೇಸ್ ತಂದರು. ಇವತ್ತಿಗೂ ಅಂಗಡಿಯಲ್ಲಿ ನೇತಾಡುವ ಹೆಚ್ಚಿನ ಬೇಸ್‌ಗಳು ಈ ಎರಡರ ಮಕ್ಕಳು, ಮರಿಮಕ್ಕಳು. ಒಬ್ಬ ರಿಪೇರಿಯವನು ಹೊರೆ ಇಳಿಸಲೆಂದು ಮಾಡಿದ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಲಕ್ಷಗಟ್ಟಲೆ ಬೆಲೆ ಕಟ್ಟುವವರಿಗೆ ಒಂದು ಕಾಲಕ್ಕೆ ಇದು ಅಗ್ಗದ, ಅವಸರದ ಉಪಾಯವಾಗಿತ್ತು ಎಂದು ನೆನಪಿಸಿದರೆ ಸಿಟ್ಟು ಬರುತ್ತದೆ.

ಹಳತು ಸಿಗದವರಿಗಾಗಿ ಕಂಪನಿಯೇ ಹಳತು ಮಾಡಿಕೊಡುತ್ತದೆ. 1990ರ ದಶಕದ ಮಧ್ಯದಿಂದ ಫೆಂಡರಿನ ವಿಶೇಷ ವಿಭಾಗ 'ರೆಲಿಕ್' ಎಂಬ ಸರಕು ತಯಾರಿಸುತ್ತಿದೆ. ಹೊಚ್ಚಹೊಸ ಗಿಟಾರಿನ ಬಣ್ಣ ಕೆರೆದು, ಮೂಲೆಗಳನ್ನು ಜಜ್ಜಿ, ತಿರುಪುಗಳಿಗೆ ತುಕ್ಕು ಹಿಡಿಸಿ, ಇಷ್ಟು ಶ್ರಮ ಪಟ್ಟಿದ್ದಕ್ಕೆ ಹೆಚ್ಚಿನ ಬೆಲೆ ಹಾಕುತ್ತಾರೆ. ಹೊಸ ಪಂಚೆಗೆ ಅಂಗಡಿಯಲ್ಲೇ ಸಾರು ಚೆಲ್ಲಿಸಿ, ಹತ್ತು ಮದುವೆ ಉಂಡವರ ಗತ್ತಿನಲ್ಲಿ ಉಟ್ಟುಕೊಂಡು ಬಂದಂತೆ.

ಈ ಗೀರುಗಳಲ್ಲಿ ಒಂದು ಬಗೆಯವು ಮಾತ್ರ ನಗು ತರಿಸುವುದಿಲ್ಲ. ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಮೆಟ್ಟಲುಗಳು ಇಲ್ಲದಂತೆ ಮಾಡಿ, ಅವಿದ್ದ ಸೀಳುಗಳನ್ನು ತುಂಬಿಸಿ, ಪಟ್ಟಿಯ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿ ನುಡಿಸಿದವರು. ಬೇಸ್ ಹಾಡಬಲ್ಲದು ಎಂದು ಜಗತ್ತಿಗೆ ಕೇಳಿಸಿದವರು. ಕೊನೆಯ ವರ್ಷಗಳಲ್ಲಿ ಮನಸ್ಸಿನ ಕಾಯಿಲೆಗೆ ಸಿಕ್ಕಿ ನ್ಯೂಯಾರ್ಕಿನ ಬೀದಿಯಲ್ಲಿದ್ದರು. 1986ರಲ್ಲಿ ಉದ್ಯಾನವೊಂದರಲ್ಲಿ ಆ ಬೇಸ್ ಕಳುವಾಯಿತು, ಮರುವರ್ಷ ಅವರೇ ತೀರಿಕೊಂಡರು. ಆ ಬೇಸಿನ ಒಂದೊಂದು ಗೀರನ್ನೂ ನಕಲು ಮಾಡಿದ ಪ್ರತಿಗಳು ಈಗ ಹವಾನಿಯಂತ್ರಿತ ಅಂಗಡಿಗಳಲ್ಲಿ ಸಿಗುತ್ತವೆ. ಬೀದಿಯಲ್ಲಿ ಬಿದ್ದ ಗೀರಿಗೂ ಕಂತಿನ ಸೌಲಭ್ಯವಿದೆ.

ತಂತಿ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಬೇಗ ಮುಗಿಸೋಣ. ನಾಲ್ಕು ಸಾಕು. ಐದನೆಯದು ಇನ್ನೂ ತಗ್ಗಿನ ಸ್ವರ ಕೊಡುತ್ತದೆ, ಸೆಕೆಂಡಿಗೆ ಸುಮಾರು 31 ಕಂಪನ. ಸಿನಿಮಾ ಸಂಗೀತಕ್ಕೆ, ಪ್ರಾರ್ಥನಾ ಮಂದಿರದ ತಂಡಕ್ಕೆ ನುಡಿಸುವವರಿಗೆ ಅದು ಬೇಕಾಗುತ್ತದೆ. ವೀರನಿಗೆ ಅದು ಹೆಬ್ಬೆರಳು ಒರಗಿಸಲು ಉಪಯೋಗವಾಗುತ್ತದೆ. ಆರು ತಂತಿಯ ಬೇಸ್ ಕೊಂಡವನಿಗೆ ಮನೆಯವರು "ಇದು ಗಿಟಾರೇ ಅಲ್ವೇನ್ರೀ?" ಎಂದು ಕೇಳುತ್ತಾರೆ. ಉತ್ತರ ಕಷ್ಟ.

ನಾಲ್ಕು ತಂತಿಯದು ಕೊಂಡವನಿಗೂ ಪ್ರಶ್ನೆ ತಪ್ಪಿದ್ದಲ್ಲ. ಊರಿಂದ ಬಂದ ಸೋದರಮಾವ ಕಾಫಿ ಲೋಟ ಕೆಳಗಿಟ್ಟು ವಾದ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

"ಏನೋ ಇದು, ನಾಲ್ಕೇ ತಂತಿ? ಪಕ್ಕದ್ಮನೆ ಹುಡುಗನ್ ಹತ್ರ ಇರೋದಕ್ಕೆ ಆರಿದೆ."

"ಇದು ಬೇಸ್ ಮಾವ. ಇದಕ್ಕೆ ನಾಲ್ಕೇ."

"ಎಷ್ಟು ಕೊಟ್ಟೆ?"

ವೀರ ನಿಜವಾದ ಬೆಲೆಯ ಅರ್ಧ ಹೇಳುತ್ತಾನೆ. ಮಾವ ಅದಕ್ಕೇ ಬೆಚ್ಚಿಬೀಳುತ್ತಾರೆ.

"ಎರಡು ತಂತಿ ಕಡ್ಮೆ ಕೊಟ್ಟು ನಲವತ್ತು ಸಾವಿರ ಕಿತ್ಕೊಂಡ್ನಾ? ಬಿಲ್ ಇಟ್ಕೊಂಡಿದೀಯಾ? ಹೋಗ್ಲಿ, ಒಂದು ನುಡಿಸು ನೋಡೋಣ."

ವೀರ ಐದು ನಿಮಿಷ ಕಣ್ಣು ಮುಚ್ಚಿ ನುಡಿಸುತ್ತಾನೆ. ಮಾವ ತಾಳ್ಮೆಯಿಂದ ಕೇಳುತ್ತಾರೆ.

"ಚೆನ್ನಾಗಿದೆ ಕಣೋ. ಹಾಡು ಯಾವಾಗ ಶುರುವಾಗತ್ತೆ?"

ಮಾವನನ್ನು ನೋಡಿ ನಗಬೇಡಿ. ಈ ವಾದ್ಯದ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಅದು. ಬೇಸ್ ಒಂಟಿಯಾಗಿ ಕೂತು ನುಡಿಸುವ ವಾದ್ಯವೇ ಅಲ್ಲ. ಡ್ರಮ್ಮಿನವನಿಗೂ ಹಾಡುವವನಿಗೂ ನಡುವೆ ನಿಂತು, ಇಬ್ಬರೂ ಬೀಳದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕೆ ಇನ್ನೂ ಇಬ್ಬರು ಮನುಷ್ಯರು ಬೇಕು. ಮನುಷ್ಯರನ್ನು ಅಂಗಡಿಯಲ್ಲಿ ಮಾರುವುದಿಲ್ಲವಾದ್ದರಿಂದ ವೀರ ಸದ್ದು ಬದಲಿಸುವ ಪೆಡಲ್ ಕೊಳ್ಳುತ್ತಾನೆ.

ಅಂಗಡಿಯ ದೃಶ್ಯವನ್ನೂ ಹೇಳಬೇಕು. ಶನಿವಾರ ಸಂಜೆ ಯಾವ ಅಂಗಡಿಗೆ ಹೋದರೂ ಒಬ್ಬ ಹುಡುಗ ಹೆಬ್ಬೆರಳಿನಿಂದ ತಂತಿಗೆ ಫಟಫಟ ಬಾರಿಸುತ್ತಿರುತ್ತಾನೆ. ಅವನು ಏನನ್ನೂ ಕೊಳ್ಳಲು ಬಂದವನಲ್ಲ, ಪ್ರತಿ ಶನಿವಾರ ಬರುತ್ತಾನೆ. ಅವನ ಎದುರು ತನಗೆ ಗೊತ್ತಿರುವ ಎರಡು ಸ್ವರ ನುಡಿಸಲು ವೀರನಿಗೆ ಸಂಕೋಚ. ಹಾಗಾಗಿ ಆತ ವಾದ್ಯವನ್ನು ನುಡಿಸದೆ, ಬೆಳಕಿಗೆ ಹಿಡಿದು ನೋಡುತ್ತಾನೆ. ಚಪ್ಪಲಿಯನ್ನೂ ಕಾಲಿಗೆ ಹಾಕಿ ನೋಡಿ ಕೊಳ್ಳುವ ಊರಿನಲ್ಲಿ ಬೇಸ್ ಗಿಟಾರನ್ನು ಮಾತ್ರ ಜನ ನುಡಿಸದೆ ಕೊಳ್ಳುತ್ತಾರೆ. ಅಂಗಡಿಯವನು ಅನುಭವಸ್ಥ. "ಸಾರ್, ನಿಮ್ ಹೈಟಿಗೆ ಕಪ್ಪು ಚೆನ್ನಾಗ್ ಕಾಣತ್ತೆ" ಎನ್ನುತ್ತಾನೆ. ವ್ಯಾಪಾರ ಕುದುರುತ್ತದೆ.

ಆ ಸಂಕೋಚವನ್ನು ಅರ್ಧ ಗಂಟೆ ಪಕ್ಕಕ್ಕಿಟ್ಟರೆ ಆಯ್ಕೆಯ ಕೆಲಸ ನಿಜಕ್ಕೂ ಅರ್ಧ ಗಂಟೆಯದು. ಕತ್ತನ್ನು ತುದಿಯಿಂದ ಒಂದು ಕಣ್ಣಲ್ಲಿ ನೋಡಬೇಕು, ತಿರುಚಿಕೊಂಡಿದ್ದರೆ ಅಲ್ಲೇ ಬಿಡಬೇಕು. ನಾಲ್ಕೂ ತಂತಿಯನ್ನು ಒಂದೊಂದೇ ಮೆಟ್ಟಲಿನಲ್ಲಿ ಒತ್ತಿ, ಎಲ್ಲಿ ಗುರ್ರೆನ್ನುತ್ತದೆ ಎಂದು ಕೇಳಬೇಕು. ಹನ್ನೆರಡನೆಯ ಮೆಟ್ಟಲಿನಲ್ಲಿ ಒತ್ತಿದ ಸ್ವರ ತೆರೆದ ತಂತಿಯ ಮೇಲಿನ ಷಡ್ಜಕ್ಕೆ ಸರಿಹೋಗಬೇಕು. ಪಟ್ಟಿಯ ಅಂಚಿನಲ್ಲಿ ಕೈ ಆಡಿಸಿದರೆ ಲೋಹದ ತುದಿ ಚುಚ್ಚಬಾರದು. ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಡಬೇಕು. ವಾದ್ಯದ ತಲೆ ನೆಲದ ಕಡೆ ಜಾರಿದರೆ ಮುಂದಿನ ಹತ್ತು ವರ್ಷ ನಿಮ್ಮ ಎಡಗೈ ಅದನ್ನು ಎತ್ತಿ ಹಿಡಿಯುವ ಕೂಲಿ ಮಾಡಬೇಕಾಗುತ್ತದೆ. ತೂಕ ನಾಲ್ಕು ಕೆಜಿಯ ಆಸುಪಾಸಿನಲ್ಲಿದ್ದರೆ ಹೆಗಲಿಗೆ ಕ್ಷೇಮ. ಕೊಂಡ ಮೇಲೆ ಒಳ್ಳೆಯ ರಿಪೇರಿಯವರ ಹತ್ತಿರ ಸೆಟಪ್ ಮಾಡಿಸಿದರೆ ಅಗ್ಗದ ಬೇಸೂ ಮಾತು ಕೇಳುತ್ತದೆ, ಮಾಡಿಸದಿದ್ದರೆ ದುಬಾರಿಯದೂ ಕೇಳುವುದಿಲ್ಲ. ಇಷ್ಟೇ. ಇದರಲ್ಲಿ ಮರದ ಜಾತಿ, ಹುಟ್ಟಿದ ದೇಶ, ನೆಚ್ಚಿನ ತಾರೆಯ ಸಹಿ ಯಾವುದೂ ಬರುವುದಿಲ್ಲವಾದ್ದರಿಂದ ವೀರನಿಗೆ ಈ ಪಟ್ಟಿ ರುಚಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಯವರೂ ಹೇಳುವುದಿಲ್ಲ, ವೀರನೂ ಕೇಳುವುದಿಲ್ಲ. ಫೆಂಡರ್ ಅಳತೆಯ ಬೇಸಿನ ತಂತಿಯ ಉದ್ದ 34 ಇಂಚು. ಚಿಕ್ಕ ಕೈಯವರಿಗೆ 30 ಇಂಚಿನ ಬೇಸ್‌ಗಳಿವೆ, ಬೆರಳು ಸುಖವಾಗಿ ಮುಟ್ಟುತ್ತವೆ. ತೋರಿಸಿದರೆ "ಅದು ಲೇಡೀಸ್, ಮಕ್ಕಳಿಗೆ ಅಲ್ವಾ?" ಎಂದು ವೀರ ಮುಖ ಸಿಂಡರಿಸುತ್ತಾನೆ. ಮೆಕಾರ್ಟ್ನಿಯ ಹಾಫ್ನರ್ 30 ಇಂಚಿನದು. ಹೆಂಗಸರ ವಿಷಯಕ್ಕೆ ಬಂದರೆ, ಮುಂಬಯಿಯ ಮೋಹಿನಿ ಡೇ ಬೇಸ್ ಹಿಡಿದು ನಿಂತರೆ ಬೆಳ್ಳಂದೂರಿನ ಇಡೀ ಖರೀದಿ ಸಂಘ ಬಾಯಿ ಮುಚ್ಚಿಕೊಂಡು ಕೂರಬೇಕು.

ಆ್ಯಂಪ್ ಇಲ್ಲದೆ ಬೇಸ್ ಇಲ್ಲ. ವೀರ 500 ವಾಟಿನದು ತರುತ್ತಾನೆ. ದಪ್ಪ ತಂತಿಯ ಸ್ವರದ ಒಂದು ಅಲೆಯ ಉದ್ದ ಸುಮಾರು ಎಂಟು ಮೀಟರ್. ವೀರನ ಕೋಣೆ ಹತ್ತಡಿಗೆ ಹನ್ನೆರಡಡಿ. ಅಂಥ ಸದ್ದು ನಾಲ್ಕು ಗೋಡೆಗೆ ಜಗ್ಗದೆ ಮೂರು ಮಹಡಿ ಓಡಾಡಿ ಬರುತ್ತದೆ. ಆಮೇಲೆ ನಿವಾಸಿಗಳ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಕೇಳುತ್ತಾರೆ: "ಯಾರ ಮನೆಯ ವಾಷಿಂಗ್ ಮೆಷಿನ್ ಕೆಟ್ಟಿದೆ? ದಯವಿಟ್ಟು ರಿಪೇರಿ ಮಾಡಿಸಿ." ವೀರನ ಕಲಾಜೀವನದ ಮೊದಲ ಸಾರ್ವಜನಿಕ ಪ್ರತಿಕ್ರಿಯೆ ಇದು. ಅಂದಿನಿಂದ ಆ್ಯಂಪ್ ಮೇಲೆ ಮನಿ ಪ್ಲಾಂಟಿನ ಕುಂಡ ಬರುತ್ತದೆ, ಬೇಸ್ ಹೆಡ್‌ಫೋನಿಗೆ ಇಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಲೋಕ ಕೇಳಿಸಿಕೊಳ್ಳುತ್ತದೆಯೇ? ಮೆಟಾಲಿಕಾದ 1988ರ ಆಲ್ಬಂ ತೆಗೆದುಕೊಳ್ಳಿ, ಲಕ್ಷಾಂತರ ಪ್ರತಿ ಮಾರಾಟವಾದದ್ದು. ಅದರಲ್ಲಿ ಆಗ ತಂಡದಲ್ಲಿದ್ದ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸನ್ನು ಧ್ವನಿ ಮಿಶ್ರಣದಲ್ಲಿ ಎಷ್ಟು ಅಡಗಿಸಿದರೆಂದರೆ, ದುರ್ಬೀನು ಹಾಕಿ ಕೇಳಿದರೂ ಸಿಗುವುದಿಲ್ಲ. 1984ರಲ್ಲಿ ಗಾಯಕ ಪ್ರಿನ್ಸ್ ತಮ್ಮ ಒಂದು ಹಾಡಿನಿಂದ ಬೇಸನ್ನು ಪೂರ್ತಿ ತೆಗೆದುಹಾಕಿದರು, ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಫುಟ್‌ಬಾಲ್ ಮೈದಾನಗಳಲ್ಲಿ ಜನ ಒಕ್ಕೊರಲಿನಿಂದ ಗುನುಗುವ ವೈಟ್ ಸ್ಟ್ರೈಪ್ಸ್ ತಂಡದ 2003ರ ಆ ಸ್ವರಮಾಲೆಯನ್ನು ಬೇಸಿನದೇ ಎಂದು ಎಲ್ಲರೂ ನಂಬಿದ್ದಾರೆ, ಅದನ್ನು ನುಡಿಸಿದ್ದು ಗಿಟಾರಿನಲ್ಲಿ, ಪೆಡಲ್ ಒತ್ತಿ ಸ್ವರ ತಗ್ಗಿಸಿ. ಆ ತಂಡದಲ್ಲಿ ಬೇಸ್ ವಾದಕನೇ ಇರಲಿಲ್ಲ.

ಕೇಳಿಸಿಕೊಂಡಾಗಲೂ ಹೆಸರು ಕೇಳುವುದಿಲ್ಲ. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ 1960ರ ದಶಕವಿಡೀ ಅಮೆರಿಕವನ್ನು ಕುಣಿಸಿದರು. ಬಲಗೈಯ ತೋರುಬೆರಳು ಒಂದರಿಂದಲೇ ನುಡಿಸುತ್ತಿದ್ದರು. ಅವರ 1962ರ ಪ್ರಿಸಿಷನ್ ಬೇಸಿನ ತಂತಿಗಳನ್ನು ತುಂಡಾದ ಹೊರತು ಬದಲಿಸುತ್ತಿರಲಿಲ್ಲ. ಅಂಗಡಿಗೆ ಒಯ್ದಿದ್ದರೆ ವಿನಿಮಯಕ್ಕೂ ತೆಗೆದುಕೊಳ್ಳದಂಥ ವಾದ್ಯ. ಮೋಟೌನ್ ತಟ್ಟೆಯ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಲು 1971ರವರೆಗೆ ಕಾಯಬೇಕಾಯಿತು. 1983ರಲ್ಲಿ ಅವರು ತೀರಿಕೊಳ್ಳುವ ಸ್ವಲ್ಪ ಮೊದಲು ಆ ಬೇಸ್ ಕಳುವಾಯಿತು. ಅದೇ 1983ರಲ್ಲಿ ನಮ್ಮಲ್ಲಿ 'ಪಲ್ಲವಿ ಅನುಪಲ್ಲವಿ' ಬಂತು. ಇಳಯರಾಜ ಸಂಗೀತದ ಆ ಹಾಡುಗಳನ್ನು ಕನ್ನಡಿಗರು ನಾಲ್ಕು ದಶಕ ಗುನುಗಿದ್ದಾರೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಹಾಡುವವರನ್ನು ಬಿಟ್ಟು ಕೆಳಗೆ ನಡೆಯುವುದನ್ನಷ್ಟೇ ಕೇಳಿ. ಆ ಕಾಲದ ಕ್ಯಾಸೆಟ್ಟುಗಳ ಮೇಲೆ ಗಾಯಕರ ಹೆಸರಿರುತ್ತಿತ್ತು, ನಟರ ಭಾವಚಿತ್ರವಿರುತ್ತಿತ್ತು. ಬೇಸ್ ನುಡಿಸಿದವರು ಯಾರೆಂದು ಹಾಕುವ ರೂಢಿಯೇ ಇರಲಿಲ್ಲ. ಅವರು ಯಾವ ಮರದ ಬೇಸ್ ನುಡಿಸಿದರೆಂದು ವೀರ ಕೇಳಬಹುದು. ಕೇಳಲಿ.

ಖರೀದಿಯ ನಂತರದ ಕಥೆ ಚಿಕ್ಕದು. ಮೊದಲು ಸೋಫಾದ ಪಕ್ಕದ ಸ್ಟ್ಯಾಂಡ್, ವಿಡಿಯೊ ಮೀಟಿಂಗಿನಲ್ಲಿ ಹಿಂದೆ ಕಾಣುವ ಹಾಗೆ. ಆಮೇಲೆ ಬೆಡ್‌ರೂಮಿನ ಮೂಲೆ. ಆಮೇಲೆ ಅಟ್ಟ. ಅಟ್ಟದ ವಿಷಯದಲ್ಲೂ ಬೀಟಲ್ಸ್ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ: ಮೆಕಾರ್ಟ್ನಿಯ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಯಾರದೋ ಮನೆಯ ಅಟ್ಟದಲ್ಲಿ ಬಿದ್ದಿದ್ದು, ಅವರ ಕೈಗೆ ಮರಳಿತೆಂದು ಸುದ್ದಿ ಬಂದದ್ದು 2024ರಲ್ಲಿ. ವ್ಯತ್ಯಾಸ ಇಷ್ಟೇ, ಅದನ್ನು ಹುಡುಕಿಕೊಂಡು ಹೋಗುವವರು ಇದ್ದರು.

ಅಟ್ಟದಿಂದ ಇಳಿಸಿ ಮಾರಾಟಕ್ಕೆ ಹಾಕುವ ಖರೀದಿವೀರರಲ್ಲಿ ಕಾಲೇಜು ಹುಡುಗರ ಪರವಾಗಿ ಒಂದು ಮನವಿ. ಅವರ ಹತ್ತಿರ ಡ್ರಮ್ಮಿನವನಿದ್ದಾನೆ, ಹಾಡುವವಳಿದ್ದಾಳೆ, ದುಡ್ಡಿಲ್ಲ. ಜಾಹೀರಾತಿನಲ್ಲಿ ಮರದ ಹೆಸರು ಬರೆಯಬೇಡಿ, ಬೆಲೆ ಅರ್ಧಕ್ಕಿಳಿಸಿ. "ಹೆಚ್ಚು ಬಳಸಿಲ್ಲ" ಎಂದೂ ಬರೆಯುವುದು ಬೇಡ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಒಳಗಿನ ಒಂಬತ್ತು ವೋಲ್ಟಿನ ಬ್ಯಾಟರಿ ಸೋರಿದೆಯೋ ಇಲ್ಲವೋ, ಅಷ್ಟನ್ನು ಮಾತ್ರ ನಿಜ ಹೇಳಿ.